ಕಾಲುಚೀಲ ಹಾಕದ ಅಳಿಯ

ಕ್ಷೌರದ ಕುರ್ಚಿಯಲ್ಲಿ ಕೂತವನು ಕತ್ತು ಬಗ್ಗಿಸಿದ ಮೇಲೆ ಅವನಿಗೆ ಕಾಣುವುದು ಕ್ಷೌರಿಕನ ಪಾದಗಳು ಮಾತ್ರ. ಕನ್ನಡಿ ಮರೆಯಾಗುತ್ತದೆ, ಬೀದಿ ಮರೆಯಾಗುತ್ತದೆ. ಹಿಂಗತ್ತಿನ ಮೇಲೆ ಕತ್ತಿ ಓಡಾಡುವಷ್ಟು ಹೊತ್ತು ಒಂದಿಷ್ಟು ನೆಲ, ಉದುರಿದ ಕೂದಲು, ಎರಡು ಶೂ. ಹೀಗಾಗಿ ಇಟಲಿಯ ಪ್ರೊಚಿದಾ ದ್ವೀಪದ ಗಂಡಸರು ಎರ್ಮೀನಿಯೊ ಲುಬ್ರಾನೊನ ಮುಖವನ್ನು ಎಷ್ಟು ನೋಡಿದ್ದಾರೋ ಅವನ ಪಾದಗಳನ್ನೂ ಅಷ್ಟೇ ನೋಡಿದ್ದಾರೆ. ದೊಡ್ಡ ಬಂದರಿನಲ್ಲಿ, ನೇಪಲ್ಸ್‌ನ ದೋಣಿ ಬಂದು ನಿಲ್ಲುವ ಕಟ್ಟೆಯ ಎದುರಿಗೇ ಅವನ ಅಂಗಡಿ. ಈಸ್ಟರ್ ಹಬ್ಬ ಮುಗಿದ ಮೇಲೆ ಆ ಅಂಗಡಿಗೆ ಹೋದವರಿಗೆ ತಲೆ ಬಗ್ಗಿಸಿದಾಗ ಕಾಣುತ್ತಿದ್ದುದು ಕಾಫಿ ಬಣ್ಣದ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಒಂದು ಜೊತೆ ಲೋಫರ್, ಅದರ ಮೇಲೆ ಬಿಸಿಲಿಗೆ ಬೆಂದು ತಾಮ್ರದ ಬಣ್ಣಕ್ಕೆ ತಿರುಗಿದ, ಪಾದದ ಗಂಟಿನ ಬರಿ ಹರಡು, ಅದನ್ನು ಮುಟ್ಟಿಯೂ ಮುಟ್ಟದಂತೆ ಬಂದು ನಿಂತ ಪ್ಯಾಂಟಿನ ಅಂಚು. ಕಾಲುಚೀಲದ ಸುಳಿವೇ ಇಲ್ಲ.

ದಾರವಿಲ್ಲದ, ಪಾದ ತೂರಿಸಿದರೆ ಸಾಕು ಎನ್ನುವ ಆ ಶೂವಿನ ಹೆಸರಿನಿಂದ ನಮ್ಮ ಕಡೆ ಯಾರನ್ನಾದರೂ ಕರೆದರೆ ಅಲ್ಲೇ ಹೊಡೆದಾಟವಾಗುತ್ತದೆ. ಒಮ್ಮೆ ಯಾರೋ ಅದನ್ನು ಎರ್ಮೀನಿಯೊಗೆ ಹೇಳಿದಾಗ ಅವನು ಕತ್ತಿ ಪಕ್ಕಕ್ಕಿಟ್ಟು ನಕ್ಕಿದ್ದ.

"ನಿಮ್ಮ ಭಾಷೆ ಸರಿಯಾಗೇ ಹೇಳತ್ತೆ ಬಿಡಿ. ನಮ್ಮ ಮಾವನೂ ಮೊದ್ಲು ಹಾಗೇ ಅಂದ್ಕೊಂಡಿದ್ರು."

ಮಾವ ಎಂದರೆ ಕ್ಯಾಪ್ಟನ್ ಸಿಲ್ವೆಸ್ತ್ರೊ ಅಂಬ್ರೊಸೀನೊ. ಸರಕು ಹಡಗುಗಳನ್ನು ಮೂರು ಸಮುದ್ರಗಳಲ್ಲಿ ಓಡಿಸಿದವರು. ಆ ದ್ವೀಪದಲ್ಲಿ ಗಂಡು ಹುಟ್ಟಿದರೆ ಸಮುದ್ರಕ್ಕೆ ಹೋಗಬೇಕು, ಹೆಣ್ಣು ಹುಟ್ಟಿದರೆ ಸಮುದ್ರಕ್ಕೆ ಹೋದವನಿಗೆ ಕಾಯಬೇಕು. ಎರ್ಮೀನಿಯೊನ ಅಪ್ಪನೂ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಉಣಿಸುತ್ತಲೇ ಜೀವ ಸವೆಸಿದವನು. ಮಗ ಮಾತ್ರ ದಡಕ್ಕೆ ಅಂಟಿಕೊಂಡ. ಅವನಿಗೆ ನೇಪಲ್ಸ್‌ಗೆ ಹೋಗುವ ದೋಣಿ ಹತ್ತಿದರೂ ಸಾಕು, ಹೊಟ್ಟೆ ತೊಳಸಿ ಬರುತ್ತಿತ್ತು. ನಾವಿಕರ ಊರಿನಲ್ಲಿ ಇದು ದೊಡ್ಡ ಅವಮಾನ. ಆದರೆ ಎರ್ಮೀನಿಯೊ ಅದನ್ನು ಅವಮಾನವೆಂದು ಭಾವಿಸಲೇ ಇಲ್ಲ. "ಎಲ್ರೂ ಹೋದ್ರೆ ವಾಪಸ್ ಬಂದೋರ ಗಡ್ಡ ಯಾರು ಕೆರೀತಾರೆ?" ಎನ್ನುತ್ತಿದ್ದ. ತಿಂಗಳುಗಟ್ಟಲೆ ನೀರಿನ ಮೇಲಿದ್ದು ಬಂದ ಗಂಡಸರು ಮನೆಗೆ ಹೋಗುವ ಮೊದಲು ಅವನ ಕುರ್ಚಿಯಲ್ಲಿ ಕೂತು ಮನುಷ್ಯರಾಗುತ್ತಿದ್ದರು.

ಕ್ಯಾಪ್ಟನ್ನರ ಮಗಳು ಲಿಬೆರಾ ಅಪ್ಪನ ಕ್ಷೌರದ ಕತ್ತಿಯನ್ನು ಸಾಣೆ ಹಿಡಿಸಲು ತರುತ್ತಿದ್ದಳು. ಹೊಲಿಗೆ ಕಲಿತ ಹುಡುಗಿ, ಮಾತು ಸೂಜಿಯ ಹಾಗೆ. ಒಂದು ಬೇಸಿಗೆಯಲ್ಲಿ ಆ ಕತ್ತಿ ಎಷ್ಟು ಸಲ ಸಾಣೆಗೆ ಬಂತೆಂದರೆ ಅದರ ಅಲಗು ಸವೆದು ಅರ್ಧವಾಯಿತು. ಕ್ಯಾಪ್ಟನ್ ದಡ್ಡರಲ್ಲ. ಸಾವಿರದ ಒಂಬೈನೂರ ಅರವತ್ತಮೂರರ ಜುಲೈನಲ್ಲಿ ರಜೆಗೆ ಬಂದವರು ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿ, "ಆ ಕ್ಷೌರಿಕನ್ನ ಭಾನುವಾರ ಊಟಕ್ಕೆ ಕರಿ" ಎಂದರು.

ಎರ್ಮೀನಿಯೊನ ಅಮ್ಮ ಇದ್ದ ಒಂದೇ ಕೋಟನ್ನು ಹಬೆ ಹಿಡಿದು ತಿದ್ದಿದಳು. ಸಂತೆಯಿಂದ ಹೊಸ ಕಾಲುಚೀಲ ತಂದಳು. ಮಂಡಿಯವರೆಗೆ ಬರುವ, ಬೂದು ಬಣ್ಣದ, ಚುಚ್ಚುವ ಕಾಲುಚೀಲ. "ದೊಡ್ಡೋರ ಮನೆ ಕಣೋ. ಕೂತಾಗ ಪ್ಯಾಂಟು ಮೇಲೆ ಸರಿದ್ರೆ ಚರ್ಮ ಕಾಣಬಾರ್ದು." ಶೂ ಮಾತ್ರ ಅವನೇ ನೇಪಲ್ಸ್‌ನಲ್ಲಿ ಕೊಂಡದ್ದು. ಅದಕ್ಕಾಗಿ ಹೋಗುವಾಗಲೂ ಬರುವಾಗಲೂ ದೋಣಿಯ ಕಂಬಿ ಹಿಡಿದು ವಾಂತಿ ಮಾಡಿದ್ದ. ಅಂಗಡಿಯ ಕಿಟಕಿಯಲ್ಲಿ ನೋಡಿದ ದಿನದಿಂದ ನಿದ್ದೆಗೆಡಿಸಿದ ಲೋಫರ್ ಅವು. ಮೃದುವಾದ ಚರ್ಮ, ಒಳಗೆ ಅಸ್ತರಿಯಿಲ್ಲ, ಕೈಯಲ್ಲಿ ಹಿಡಿದರೆ ಪಾರಿವಾಳ ಹಿಡಿದಂತೆ.

ಭಾನುವಾರ ಅವನು ಬೇಗ ಹೊರಟ. ಕ್ಯಾಪ್ಟನ್ನರ ಮನೆ ಕೊರಿಚೆಲ್ಲಾ ಎಂಬ ಮೀನುಗಾರರ ಕೇರಿಯ ನೆತ್ತಿಯ ಮೇಲೆ. ತಡವಾಗಿ ಹೋದರೆ ಒಂದು ತಪ್ಪು, ಬೇಗ ಹೋದರೆ ಇನ್ನೊಂದು. ಹೊತ್ತು ಕಳೆಯಲು ಮೆಟ್ಟಿಲಿಳಿದು ನೀರಿನ ಬಳಿಗೆ ಹೋದ. ಅಲ್ಲಿ ಮುದುಕ ಆನ್ಯೆಲ್ಲೊ ಒಬ್ಬನೇ ದೋಣಿಯನ್ನು ಇಳಿಜಾರಿನ ಮೇಲೆ ಎಳೆಯುತ್ತಿದ್ದ. ಎರ್ಮೀನಿಯೊ ನೋಡುತ್ತಿದ್ದಂತೆಯೇ ಹಗ್ಗ ಕಡಿಯಿತು. ದೋಣಿ ಹಿಂದಕ್ಕೆ ಜಾರಿತು. ಅದರ ಹಿಂದೆ, ಮೊಣಕಾಲುಮಟ್ಟ ನೀರಿನಲ್ಲಿ, ಆನ್ಯೆಲ್ಲೊನ ಹೆಂಡತಿ ಬಲೆ ತೊಳೆಯುತ್ತ ನಿಂತಿದ್ದಳು.

ಶೂ ದಾರ ಬಿಚ್ಚುವ ಕೆಲಸವಿದ್ದರೆ ಏನಾಗುತ್ತಿತ್ತೋ. ಎರ್ಮೀನಿಯೊ ಎರಡೂ ಪಾದಗಳನ್ನು ಒಮ್ಮೆ ಝಾಡಿಸಿದ, ಲೋಫರ್ ಎರಡೂ ಕಲ್ಲಿನ ಮೇಲೆ ಬಿದ್ದವು. ಪ್ಯಾಂಟನ್ನು ಮಂಡಿಗೆ ಎಳೆದುಕೊಂಡು ನೀರಿಗಿಳಿದು ದೋಣಿಗೆ ಬೆನ್ನು ಕೊಟ್ಟು ನಿಂತ. ಆನ್ಯೆಲ್ಲೊ ಬೇರೆ ಹಗ್ಗ ಬಿಗಿಯುವವರೆಗೆ ಹಲ್ಲು ಕಚ್ಚಿ ಹಾಗೆಯೇ ನಿಂತಿದ್ದ. ಆ ಹೆಂಗಸು ಶಿಲುಬೆ ಗುರುತು ಹಾಕಿಕೊಂಡಳು. ಕೋಟು ಒದ್ದೆಯಾಗಲಿಲ್ಲ, ಪ್ಯಾಂಟು ಒದ್ದೆಯಾಗಲಿಲ್ಲ. ಅಮ್ಮ ತಂದ ಕಾಲುಚೀಲ ಮಾತ್ರ ನೆಂದ ಬೆಕ್ಕಿನಂತೆ ಜೋತು ಬಿದ್ದಿತ್ತು.

ಮೇಲೆ ಇಗರ್ಜಿಯ ಗಂಟೆ ಹೊಡೆಯಿತು. ಮನೆಗೆ ಹೋಗಿ ಬರಲು ಹೊತ್ತಿಲ್ಲ. ಒದ್ದೆ ಕಾಲುಚೀಲದ ಮೇಲೆ ಶೂ ಹಾಕಿದರೆ ಶೂ ಹಾಳು, ಹೆಜ್ಜೆಗೊಂದು ಪಿಚಕ್ ಸದ್ದು. ಎರ್ಮೀನಿಯೊ ಕಾಲುಚೀಲಗಳನ್ನು ಹಿಂಡಿ ಆನ್ಯೆಲ್ಲೊನ ಬಲೆಯ ಮೇಲೆ ಹರವಿದ. ಪಾದ ಒರೆಸಿಕೊಂಡು ಬರಿಗಾಲಿಗೇ ಲೋಫರ್ ಏರಿಸಿದ. ಏರಿಸಿದವನು ಒಂದು ಕ್ಷಣ ಕೆಳಗೆ ನೋಡಿ ನಿಂತ. ಬೆಳಿಗ್ಗೆ ಕನ್ನಡಿಯ ಮುಂದೆ ಇದ್ದ ಕಾಲು ಯಾರೋ ಗುಮಾಸ್ತನದಾಗಿತ್ತು. ಇದು ಅವನದೇ ಕಾಲು.

"ಹೀಗೇ ಹೋಗ್ತೀಯೇನೋ?" ಎಂದ ಆನ್ಯೆಲ್ಲೊ. "ಕ್ಯಾಪ್ಟನ್ ನುಂಗಿಬಿಡ್ತಾನೆ."

"ನುಂಗ್ಲಿ. ಮುಚ್ಕೊಂಡು ಹೋದ್ರೆ ತಪ್ಪು ಮಾಡಿದ ಹಾಗಾಗತ್ತೆ. ತೋರಿಸ್ಕೊಂಡು ಹೋದ್ರೆ ಉಡುಪು."

ಹೇಳಿದ್ದು ಧೈರ್ಯಕ್ಕೆ. ಆದರೆ ಮೆಟ್ಟಿಲು ಹತ್ತುತ್ತ ಹತ್ತುತ್ತ ಅವನಿಗೇ ಆ ಮಾತು ನಿಜವೆನಿಸಿತು. ಮೇಲೆ ತಲುಪುವಷ್ಟರಲ್ಲಿ ಅವನ ನಡಿಗೆಯೇ ಬದಲಾಗಿತ್ತು.

ಕ್ಯಾಪ್ಟನ್ ಬಾಗಿಲಲ್ಲೇ ನಿಂತಿದ್ದರು. ಅವರ ಕಣ್ಣು ಎಣ್ಣೆ ಹಚ್ಚಿ ಬಾಚಿದ ತಲೆಯಿಂದ ಇಳಿಯಿತು. ಟೈಯನ್ನು ಒಪ್ಪಿತು, ಕೋಟಿನ ಗುಂಡಿಯನ್ನು ಒಪ್ಪಿತು. ಕೆಳಗೆ ಬಂದು ನಿಂತುಬಿಟ್ಟಿತು.

"ಕಾಲುಚೀಲ ಎಲ್ಲಿ?"

"ಹಾಕ್ಕೊಂಡಿಲ್ಲ, ಕ್ಯಾಪ್ಟನ್ ಸಾಹೇಬ್ರೇ."

"ಅದು ಕಾಣ್ತಾ ಇದೆ. ಯಾಕೆ ಅಂತ ಕೇಳಿದೆ."

ಮುದುಕನ ದೋಣಿ, ನೀರಲ್ಲಿದ್ದ ಹೆಂಗಸು, ಎಲ್ಲವೂ ಎರ್ಮೀನಿಯೊನ ನಾಲಿಗೆಯ ತುದಿಯವರೆಗೆ ಬಂತು. ಹೇಳಿದ್ದರೆ ಅಲ್ಲೇ ಗೆದ್ದುಬಿಡುತ್ತಿದ್ದ. ಅವನು ಹೇಳಲಿಲ್ಲ.

"ಜುಲೈ ತಿಂಗಳಲ್ವಾ? ಕುರಿಗೂ ಉಣ್ಣೆ ಕತ್ತರಿಸ್ತಾರೆ. ನನ್ನ ಪಾದ ಏನು ಪಾಪ ಮಾಡಿದೆ?"

ಒಳಗಿನಿಂದ ಚೆಲೆಸ್ತೆ ಅಜ್ಜಿ, ಕ್ಯಾಪ್ಟನ್ನರ ತಾಯಿ, ಕಿಸಕ್ಕನೆ ನಕ್ಕದ್ದು ಕೇಳಿಸಿತು. ಕ್ಯಾಪ್ಟನ್ ನಗಲಿಲ್ಲ. ಕ್ಯಾಪ್ಟನ್ನರ ಹೆಂಡತಿ ಬಡಿಸಿದಳು, ಊಟ ಶುರುವಾಯಿತು. ಪಾಸ್ತಾ ಬಂತು, ಬೆಳಚು ಎಂಬ ಚಿಪ್ಪುಮೀನಿನ ತಟ್ಟೆ ಬಂತು, ನಿಂಬೆಹಣ್ಣನ್ನು ಪುದೀನ, ಮೆಣಸಿನಕಾಯಿ ಹಾಕಿ ಕಲೆಸಿದ್ದು ಬಂತು. ಕ್ಯಾಪ್ಟನ್ ಬ್ರೆಡ್ಡು ಮುರಿದಾಗಲೆಲ್ಲ ಮೇಜಿನ ಅಡಿಗೆ ಕಣ್ಣು ಹಾಯಿಸುತ್ತಿದ್ದರು.

"ಹಡಗಲ್ಲಿ ಹೀಗೆ ಬಂದಿದ್ರೆ ಡೆಕ್ ಮೇಲಿಂದ ಕೆಳಗಿಳಿಸ್ತಿದ್ದೆ."

"ಅದಕ್ಕೇ ನಾನು ಹಡಗು ಹತ್ತಲಿಲ್ಲ."

"ಹತ್ತಲಿಲ್ವೋ, ಹತ್ತೋಕಾಗ್ಲಿಲ್ವೋ? ವಾಂತಿ ವಿಷಯ ಊರಿಗೆಲ್ಲಾ ಗೊತ್ತಿದೆ."

"ಹತ್ತೋಕಾಗ್ಲಿಲ್ಲ," ಎಂದ ಎರ್ಮೀನಿಯೊ, ಬೆಳಚು ಬಿಡಿಸುತ್ತ. "ನಿಮಗೆ ಕ್ಷೌರ ಮಾಡೋಕಾಗಲ್ಲ. ನಾಳೆ ನನಗೆ ಮಗಳು ಹುಟ್ಟಿ ಅವಳನ್ನ ಯಾರಿಗಾದ್ರೂ ಕೊಡೋವಾಗ ನಾನು ಅದನ್ನ ಕೇಳಲ್ಲ."

ಲಿಬೆರಾ ತಲೆ ತಗ್ಗಿಸಿ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು. ಅವಳಿಗೆ ನಗು ಬಂದಿತ್ತು. ತಲೆ ತಗ್ಗಿಸಿದ್ದರಿಂದ ಅವನ ಹರಡೂ ಕಂಡಿತು. ಆಮೇಲೆ ಎಷ್ಟೋ ವರ್ಷ ಅವಳು ಹೇಳುತ್ತಿದ್ದಳು: "ಅಲ್ಲೀವರೆಗೂ ನಾನು ನೋಡಿದ್ದು ಇವರ ಮುಖ, ಕೈ ಅಷ್ಟೇ. ಇನ್ನೊಂದು ಸ್ವಲ್ಪ ನೋಡಿದೆ. ಚೆನ್ನಾಗಿತ್ತು."

ಕಾಫಿ ಆದ ಮೇಲೆ ಕ್ಯಾಪ್ಟನ್ ತೀರ್ಪು ಕೊಟ್ಟರು. "ಹುಡುಗ ಕೆಟ್ಟೋನಲ್ಲ. ಮದುವೆ ದಿನ ಇಗರ್ಜಿಗೆ ಕಾಲುಚೀಲ ಹಾಕ್ಕೊಂಡು ಬರ್ತೀನಿ ಅಂದ್ರೆ ನನ್ನ ಒಪ್ಪಿಗೆ ಇದೆ."

"ಜನವರಿಯಲ್ಲಿ ಮದುವೆ ಇಟ್ಟುಕೊಳ್ಳಿ, ಎರಡು ಜೊತೆ ಹಾಕ್ಕೋತೀನಿ. ಚಳೀಲಿ ಬರಿಗಾಲಲ್ಲಿ ಓಡಾಡೋನು ಹುಚ್ಚ. ಆದ್ರೆ ಬೇಸಿಗೇಲಿ ಮದುವೆ ಆದ್ರೆ ನನ್ನ ಕಾಲಲ್ಲೇ ಬರ್ತೀನಿ."

ಜನವರಿಯಲ್ಲಿ ಕ್ಯಾಪ್ಟನ್ ಎಲ್ಲಿರುತ್ತಾರೆ? ನೀರಿನ ಮೇಲೆ. ಸೆಪ್ಟೆಂಬರಿನಲ್ಲಿ ಹೊರಟರೆ ಬರುವುದು ಮುಂದಿನ ಬೇಸಿಗೆಗೆ. ಮದುವೆಯಾಗುವುದಾದರೆ ಆಗಸ್ಟಿನಲ್ಲಿ ಆಗಬೇಕು, ಇಲ್ಲವೆಂದರೆ ಇಲ್ಲ. ಇಬ್ಬರೂ ಹಠ ಬಿಡಲಿಲ್ಲ. ಊರಿಗೆ ಇದೊಂದು ಹಬ್ಬವಾಯಿತು. ಮೀನಿನ ಕಟ್ಟೆಯಲ್ಲಿ, ಕಾಫಿ ಅಂಗಡಿಯಲ್ಲಿ ಎರಡು ಪಕ್ಷಗಳೇ ಆದವು. ಎರ್ಮೀನಿಯೊನ ಅಮ್ಮ ಮಗನ ವಿರುದ್ಧ ಪಕ್ಷದಲ್ಲಿದ್ದಳು. "ಒಂದು ಗಂಟೆ ಹಾಕ್ಕೊಂಡು ಆಮೇಲೆ ಬಿಸಾಕೋ, ಮಹಾರಾಯ," ಎಂದು ಕೈ ಮುಗಿದಳು. ಲಿಬೆರಾ ಮಾತ್ರ ಹಾಗೆ ಕೇಳಲಿಲ್ಲ. ಅಪ್ಪನ ಎದುರು ಹೊಲಿಗೆ ಯಂತ್ರ ನಿಲ್ಲಿಸಿ ಹೇಳಿದಳಂತೆ: "ಅಪ್ಪಾ, ನಾನು ಮದುವೆ ಆಗ್ತಿರೋದು ಕಾಲುಚೀಲನ ಅಲ್ಲ."

ಒಂದು ಬೆಳಿಗ್ಗೆ ಕ್ಯಾಪ್ಟನ್ ತಾವಾಗಿಯೇ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತರು. ಎರ್ಮೀನಿಯೊ ನೊರೆ ಹಚ್ಚಿದ, ಗಲ್ಲ ಕೆರೆದ, ಕತ್ತನ್ನು ಮೆಲ್ಲಗೆ ಬಗ್ಗಿಸಿದ. ಆಗ ಕೆಳಗಿನಿಂದ ಧ್ವನಿ ಬಂತು.

"ಆನ್ಯೆಲ್ಲೊ ಸಿಕ್ಕಿದ್ದ. ಎಲ್ಲಾ ಹೇಳಿದ. ಕಾಲುಚೀಲ ಇನ್ನೂ ಅವನ ಹತ್ರಾನೇ ಇದೆಯಂತೆ."

ಎರ್ಮೀನಿಯೊ ಕತ್ತಿ ಒರೆಸಿಕೊಂಡ.

"ಅವತ್ತೇ ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ರೆ ನೀವು ಕ್ಷಮಿಸಿಬಿಡ್ತಿದ್ರಿ. ನಾನು ಕ್ಷಮೆ ಕೇಳೋಕೆ ಬಂದಿರಲಿಲ್ಲ, ಹುಡುಗಿ ಕೇಳೋಕೆ ಬಂದಿದ್ದೆ."

ಕತ್ತಿ ಓಡಿತು. ಕ್ಯಾಪ್ಟನ್ ತಲೆ ಎತ್ತದೆಯೇ ಅವನ ಶೂ ನೋಡುತ್ತ ಎಂದರು, "ಪಾಲಿಶ್ ಚೆನ್ನಾಗಿ ಮಾಡಿದೀಯ." ಅಷ್ಟೇ. ಆಗಸ್ಟಿನ ಕೊನೆಯ ಶನಿವಾರ ಎರ್ಮೀನಿಯೊ ದಂತದ ಬಣ್ಣದ ಲಿನನ್ ಸೂಟಿನಲ್ಲಿ, ಬರಿ ಹರಡಿನಲ್ಲಿ, ಇಗರ್ಜಿಯ ಮೆಟ್ಟಿಲು ಹತ್ತಿದ. ಪ್ಯಾಂಟಿನ ಅಂಚನ್ನು ಮದುಮಗಳೇ ಹೊಲಿದಿದ್ದಳು, ಅವನು ಕೇಳಿದ್ದಕ್ಕಿಂತ ಒಂದು ಬೆರಳು ಮೇಲಕ್ಕೆ.

ಮದುವೆಯಾದ ಮೇಲಿನ ಮೊದಲ ಬೇಸಿಗೆ ಅವನ ಶೋಕಿಗೆ ದೊಡ್ಡ ಪೆಟ್ಟು ಕೊಟ್ಟಿತು. ಬೇಸಿಗೆಯಿಡೀ ಒಂದೇ ಜೊತೆ, ಅದೂ ಬರಿಗಾಲಿಗೆ. ಜುಲೈ ನಡುವಿಗೆ ಬರುವಷ್ಟರಲ್ಲಿ ಲೋಫರ್ ಬಿಚ್ಚಿದರೆ ಮನೆಯ ಬೆಕ್ಕು ಎದ್ದು ಪಕ್ಕದ ಮನೆಗೆ ಹೋಗುತ್ತಿತ್ತು. ಲಿಬೆರಾ ಮೂಗು ಹಿಡಿದುಕೊಂಡು ಶೂಗಳನ್ನು ಕಿಟಕಿಯಾಚೆ ಇಟ್ಟಳು.

"ಎರ್ಮೀ, ಕೇಳು. ಒಂದೋ ಇವು ಮನೇಲಿರಬೇಕು, ಇಲ್ಲಾ ನಾನು."

"ನೀನೇ ಇರು. ಆದ್ರೆ ಅವಕ್ಕೂ ಏನಾದ್ರೂ ದಾರಿ ಮಾಡ್ಬೇಕಲ್ಲ."

ದಾರಿಯನ್ನು ಅವನು ಬಿದ್ದೂ ಎದ್ದೂ ಕಂಡುಕೊಂಡ. ಇನ್ನೊಂದು ಜೊತೆ ಕೊಂಡ. ಇವತ್ತು ಹಾಕಿದ್ದು ನಾಳೆ ವಿಶ್ರಾಂತಿಯಲ್ಲಿರಬೇಕು, ಚರ್ಮ ಕುಡಿದ ಬೆವರು ಆರಬೇಕು. ದೋಣಿ ಕಟ್ಟುವ ಬಡಗಿಯ ಬಳಿ ದೇವದಾರಿನ ತುಂಡುಗಳನ್ನು ಬೇಡಿ ತಂದು ಪಾದದ ಆಕಾರಕ್ಕೆ ಕೆತ್ತಿಸಿ ಶೂ ಒಳಗಿಟ್ಟ. ಮಧ್ಯಾಹ್ನ ಅಂಗಡಿ ಮುಚ್ಚಿದಾಗ ಗಡ್ಡದ ಬೋಗುಣಿಯಲ್ಲಲ್ಲ, ಬೇರೆ ಬೋಗುಣಿಯಲ್ಲಿ, ಪಾದ ತೊಳೆದು ಬೆರಳ ಸಂದಿಗೆಲ್ಲ ಪೌಡರ್ ಹಾಕಿಕೊಂಡ. ಹೊಸ ಲೋಫರನ್ನು ಚೂರು ಬಿಗಿಯಾಗಿಯೇ ಕೊಳ್ಳಬೇಕೆಂಬುದನ್ನು ಹಿಮ್ಮಡಿಯ ಗುಳ್ಳೆ ಕಲಿಸಿತು. ಸಡಿಲವಾದರೆ ಹೆಜ್ಜೆ ಹೆಜ್ಜೆಗೂ ಪಟಪಟ ಸದ್ದು, ಮನುಷ್ಯ ಸ್ನಾನದ ಮನೆಯಿಂದ ನೇರವಾಗಿ ಬೀದಿಗೆ ಬಂದ ಹಾಗೆ. ಬೆಕ್ಕು ವಾಪಸ್ ಬಂತು.

ಇಷ್ಟರಲ್ಲಿ ಊರಿನ ಎಳೆಯ ನಾವಿಕರೆಲ್ಲ ಅವನನ್ನು ನೋಡಿ ಕಾಲುಚೀಲ ಕಳಚಿದ್ದರು. ಕತ್ತು ಬಗ್ಗಿಸಿದಾಗ ಕಂಡದ್ದು ಮನಸ್ಸಿನಲ್ಲಿ ಕೂರುತ್ತದೆ. ಕೆಲವರು ಸರಿಯಾಗಿ ಮಾಡಿದರು, ಬಹಳ ಜನ ಕೆಡಿಸಿದರು. ಅಗಲವಾದ ಪ್ಯಾಂಟು ಹಿಮ್ಮಡಿಯ ಕೆಳಗೆ ಬಿದ್ದು ಧೂಳು ಗುಡಿಸುವಾಗ ಕಾಲುಚೀಲ ಇದ್ದರೇನು, ಬಿಟ್ಟರೇನು? ದಾರ ಬಿಗಿದ ಕಪ್ಪು ಬೂಟನ್ನು ಬರಿಗಾಲಿಗೆ ಹಾಕಿಕೊಂಡು ಬಂದ ಒಬ್ಬನಿಗೆ ಎರ್ಮೀನಿಯೊ, "ಏನೋ, ಮನೆಗೆ ಬೆಂಕಿ ಬಿದ್ದಿತ್ತಾ?" ಎಂದು ಕೇಳಿದ್ದ. ತೊಬಿಯಾ ಎಂಬ ಹುಡುಗನಂತೂ ತನ್ನ ಅಜ್ಜಿಯ ಶವಯಾತ್ರೆಗೆ ಹೊರಟವನು ಕರಿ ಸೂಟು, ಲೋಫರ್, ಬರಿ ಹರಡಿನಲ್ಲಿ ಅಂಗಡಿ ಮುಂದೆ ಹಾದುಹೋದ. ಎರ್ಮೀನಿಯೊ ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಬಿಟ್ಟು ಹೊರಗೆ ಬಂದ.

"ತೊಬಿಯಾ, ಒಳಗೆ ಬಾ."

"ತಡ ಆಗತ್ತೆ, ದೊನ್ ಎರ್ಮೀ. ಪೆಟ್ಟಿಗೆ ಎತ್ತಿಬಿಡ್ತಾರೆ," ಎಂದ ಹುಡುಗ, ಹಿರಿಯರ ಹೆಸರಿಗೆ ಹಚ್ಚುವ ‘ದೊನ್’ ಬಿಡದೆ.

"ನೀನಿಲ್ದೆ ಎತ್ತಲ್ಲ. ಬಾ." ಡ್ರಾಯರಿನಿಂದ ಕರಿ ಕಾಲುಚೀಲ ತೆಗೆದು ಕೈಗಿಟ್ಟ. "ಹಾಕ್ಕೋ. ಇವತ್ತು ನಿನ್ನನ್ನ ಯಾರೂ ನೋಡಬಾರ್ದು. ಎಲ್ರೂ ನಿಮ್ಮಜ್ಜಿನ ನೋಡ್ಬೇಕು."

ಹುಡುಗನ ಕಣ್ಣಲ್ಲಿ ನೀರು ಬಂತು. ಕಾಲುಚೀಲ ಹಾಕಿಕೊಂಡು ಓಡಿದ. ಅಂದಿನಿಂದ ಆ ಡ್ರಾಯರಿನಲ್ಲಿ ಯಾವಾಗಲೂ ಕರಿ ಕಾಲುಚೀಲ ಇರುತ್ತಿತ್ತು. ಸಾವಿಗೆ ಹೋಗುವವರು ಮೊದಲು ಅಲ್ಲಿಗೆ ಬರುವುದು ರೂಢಿಯಾಯಿತು.

ಇಪ್ಪತ್ತು ವರ್ಷ ಹೀಗೆ ಸರಿದವು. ಕ್ಯಾಪ್ಟನ್ ನಿವೃತ್ತರಾಗಿ ದಡಕ್ಕೆ ಬಂದರು. ಚೆಲೆಸ್ತೆ ಅಜ್ಜಿ ಹೋದಳು, ಕ್ಯಾಪ್ಟನ್ನರ ಹೆಂಡತಿಯೂ ಹೋದಳು. ಎರ್ಮೀನಿಯೊ, ಲಿಬೆರಾ ಮೇಲಿನ ಮನೆಗೇ ಬಂದು ಉಳಿದರು. ಮಾವ ಅಳಿಯನ ನಡುವೆ ಜಗಳವೇನೂ ಇರಲಿಲ್ಲ, ಆದರೆ ಕಾಲುಚೀಲದ ವಿಷಯದಲ್ಲಿ ಕ್ಯಾಪ್ಟನ್ ಸೋತಿರಲಿಲ್ಲ. ಆಗಸ್ಟಿನ ಉರಿಯಲ್ಲೂ ಅವರದು ಬಿಳಿ ಕಾಲುಚೀಲ, ಬಿಗಿದ ದಾರದ ಬೂಟು.

ಆಮೇಲೆ ಅವರ ಹೃದಯ ಸೋತಿತು. ಪಾದಗಳಲ್ಲಿ ನೀರು ತುಂಬಿಕೊಳ್ಳತೊಡಗಿತು. ಸಂಜೆ ಕಾಲುಚೀಲ ಬಿಚ್ಚಿದರೆ ಹರಡಿನ ಸುತ್ತ ಆಳವಾದ ಕೆಂಪು ಗೆರೆ, ಹಗ್ಗ ಕಟ್ಟಿದ ಹಾಗೆ. ಬೂಟಿಗೆ ಪಾದ ಹಿಡಿಸುವುದೇ ಕಷ್ಟವಾಯಿತು. ಬಗ್ಗಿದರೆ ಉಸಿರು ಕಟ್ಟುವುದರಿಂದ ದಾರ ಕಟ್ಟಲು ಮಗಳು ನೆಲದ ಮೇಲೆ ಕೂರಬೇಕಿತ್ತು. ಕ್ಯಾಪ್ಟನ್ ಅದನ್ನು ಎರಡು ಸಲ ಸಹಿಸಿದರು. ಮೂರನೆಯ ಸಲ ಪಾದ ಹಿಂದಕ್ಕೆಳೆದುಕೊಂಡು, "ಬೇಡ, ನಾನು ಎಲ್ಲೂ ಹೋಗಲ್ಲ" ಎಂದರು. ಅಂದಂತೆಯೇ ಮನೆ ಹಿಡಿದು ಕೂತರು. ಬಾಲ್ಕನಿಯಿಂದ ಹಡಗುಗಳನ್ನು ನೋಡುತ್ತ, ಹೋಗುವ ಬರುವವರನ್ನು ಬೈಯುತ್ತ.

ಆ ಜೂನ್‌ನಲ್ಲಿ ನಾವಿಕ ಶಾಲೆಯವರು ಊರಿನ ಹಿರಿಯ ಕ್ಯಾಪ್ಟನ್ನರನ್ನೆಲ್ಲ ಬಂದರಿನ ಕಟ್ಟೆಯ ಮೇಲೆ ಸೇರಿಸಿ ಗೌರವಿಸುವುದೆಂದು ಗೊತ್ತಾಯಿತು. ಕರೆಯಲು ಬಂದವರಿಗೆ ಅಂಬ್ರೊಸೀನೊ ಬಾಗಿಲಲ್ಲೇ ಬೆನ್ನು ತೋರಿಸಿದರು.

"ಅಪ್ಪಾ, ಮೆತ್ತನೆ ಚಪ್ಪಲಿ ಹಾಕ್ಕೊಂಡು ಹೋಗಿ ಬನ್ನಿ. ಯಾರೂ ಏನೂ ಅನ್ಕೊಳ್ಳಲ್ಲ," ಎಂದಳು ಲಿಬೆರಾ.

"ಚಪ್ಪಲೀಲಿ ಹೋಗೋಕೆ ನಾನೇನು ಆಸ್ಪತ್ರೆ ವಾರ್ಡಿಂದ ಎದ್ದು ಬಂದಿದೀನಾ? ಆ ಸ್ಕಿಯಾನೊ ಬರ್ತಾನೆ. ಅವನ ಮುಂದೆ ಕಾಲೆಳ್ಕೊಂಡು ಹೋಗ್ಲಾ? ನಾನು ಬರಲ್ಲ ಅಂದ್ರೆ ಬರಲ್ಲ."

ಸ್ಕಿಯಾನೊ ಎಂದರೆ ಅವರ ಜೊತೆಗೇ ಓದಿ, ಅವರ ಜೊತೆಗೇ ಬಡ್ತಿ ಪಡೆದು, ಜೀವಮಾನವಿಡೀ ಅವರನ್ನು ಕೆಣಕುತ್ತ ಬಂದ ಇನ್ನೊಬ್ಬ ಕ್ಯಾಪ್ಟನ್. ಎರ್ಮೀನಿಯೊ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡ. ಮರುದಿನ ಮಾವ ನಿದ್ದೆ ಮಾಡುವಾಗ ಅವರ ಪಾದವನ್ನು ಕಾಗದದ ಮೇಲೆ ಅಳೆದುಕೊಂಡು, ಅಂಗಡಿ ಮುಚ್ಚಿ, ದೋಣಿ ಹತ್ತಿ, ಕಂಬಿ ಹಿಡಿದು ಮುಖ ಹಸಿರು ಮಾಡಿಕೊಂಡು ನೇಪಲ್ಸ್‌ಗೆ ಹೋದ. ಮೇಲುಗಡೆ ಅಗಲವಾದ, ಕೈಗವಸಿನಷ್ಟು ಮೆತ್ತನೆಯ ಒಂದು ಜೊತೆ ಕರಿ ಲೋಫರ್ ಹೊಲಿಸಿ ತಂದ.

ಸಮಾರಂಭದ ಬೆಳಿಗ್ಗೆ ಮಾವನಿಗೆ ಮನೆಯಲ್ಲೇ ಕ್ಷೌರ ಮಾಡಿದ. ಆಮೇಲೆ ಕೇಳದೆಯೇ ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದು ಅವರ ಎದುರು ಸ್ಟೂಲು ಹಾಕಿ ಕೂತ.

"ಏನೋ ಇದು?"

"ಗಡ್ಡ ಆಯ್ತು, ಇನ್ನು ಪಾದ. ನನ್ನ ಕಸುಬು ನನಗೆ ಬಿಡಿ."

ಕ್ಯಾಪ್ಟನ್ನರ ಪಾದ ಊದಿ ನುಣ್ಣಗಾಗಿತ್ತು. ಇಷ್ಟು ಬೇಸಿಗೆಗಳಲ್ಲಿ ಒಮ್ಮೆಯೂ ಬಿಸಿಲು ಕಾಣದ ಅದರ ಚರ್ಮ ಮಗುವಿನದರಂತೆ ಬೆಳ್ಳಗಿತ್ತು. ಎರ್ಮೀನಿಯೊ ಉಗುರು ತೆಗೆದ, ತೊಳೆದ, ಒರೆಸಿದ, ಪೌಡರ್ ಹಾಕಿದ. ಲೋಫರ್ ತಂದು ಮುಂದಿಟ್ಟ. ಕ್ಯಾಪ್ಟನ್ ಅದನ್ನು ನೋಡಿದರು, ಅಳಿಯನನ್ನು ನೋಡಿದರು. ಒಳಗಿನಿಂದ ಲಿಬೆರಾ ಅಪ್ಪನ ಬಿಳಿ ಪ್ಯಾಂಟು ತಂದಳು. ಅಂಚನ್ನು ಆಗಲೇ ಎತ್ತಿ ಹೊಲಿದಿದ್ದಳು.

"ಇಬ್ರೂ ಸೇರ್ಕೊಂಡಿದೀರಿ."

"ಹೌದು," ಎಂದಳು ಮಗಳು.

"ಕಾಲುಚೀಲ ಕೊಡು."

"ಕೊಡ್ತೀನಿ ಅಪ್ಪಾ. ಆದ್ರೆ ಅದರ ಎಲಾಸ್ಟಿಕ್ಕು ಕಚ್ಚತ್ತೆ, ಮೆಟ್ಟಿಲಿಳಿಯೋಷ್ಟರಲ್ಲಿ ನೋವು ಶುರುವಾಗತ್ತೆ. ನಿಮಗೆ ಗೊತ್ತು."

ಕ್ಯಾಪ್ಟನ್ ಯಾರ ಸಹಾಯವೂ ಇಲ್ಲದೆ, ಬಗ್ಗದೆ, ಪಾದವನ್ನು ಮುಂದಕ್ಕೆ ಚಾಚಿ ಲೋಫರಿಗೆ ತೂರಿಸಿದರು. ಇನ್ನೊಂದು ಪಾದವನ್ನೂ ತೂರಿಸಿದರು. ಎದ್ದು ನಿಂತು ಕೋಣೆಯಲ್ಲಿ ಒಂದು ಸುತ್ತು ಬಂದರು. ಬಾಗಿಲ ಬಳಿ ನಿಂತು ಕೋಟು ಎಳೆದುಕೊಂಡು ಎಂದರು:

"ನಡೀರಿ. ತಡ ಆದ್ರೆ ಸ್ಕಿಯಾನೊ ಮುಂದಿನ ಕುರ್ಚಿ ಹಿಡೀತಾನೆ."

ಬಂದರಿನ ಕಟ್ಟೆಯಲ್ಲಿ ಜನವೋ ಜನ. ಮಾವ ಅಳಿಯನ ತೋಳು ಹಿಡಿದಿದ್ದರು, ಆದರೆ ನೋಡಿದವರಿಗೆ ಅಳಿಯನೇ ಮಾವನ ತೋಳು ಹಿಡಿದಂತೆ ಕಾಣುತ್ತಿತ್ತು. ನೀಲಿ ಕೋಟು, ಹಿತ್ತಾಳೆಯ ಗುಂಡಿ, ಬಿಳಿ ಪ್ಯಾಂಟು, ಕರಿ ಲೋಫರ್, ನಡುವೆ ಹಾಲಿನಂಥ ಬಿಳಿ ಹರಡು. ಜೊತೆಯಲ್ಲಿ ಎರ್ಮೀನಿಯೊನ ತಾಮ್ರದ ಬಣ್ಣದ್ದು. ಗುಸುಗುಸು ಎದ್ದಿತು, ಅಡಗಿತು. ಸ್ಕಿಯಾನೊ ಮುಂದಿನ ಕುರ್ಚಿಯಲ್ಲಿ ಆಗಲೇ ಕೂತಿದ್ದರು. ಅವರ ಕಣ್ಣು ನೇರವಾಗಿ ಕೆಳಕ್ಕೆ ಹೋಯಿತು. ಕೇಳುವವರಿಗೆಲ್ಲ ಕೇಳುವಂತೆ ಎಂದರು:

"ಏನಯ್ಯಾ ಸಿಲ್ವೆಸ್ತ್ರೊ, ಕಾಲುಚೀಲ ಮರೆತು ಬಂದ್ಯಾ?"

ಕ್ಯಾಪ್ಟನ್ ಅಂಬ್ರೊಸೀನೊ ಅಳಿಯನ ತೋಳು ಬಿಟ್ಟರು. ನೆಟ್ಟಗೆ ನಿಂತರು.

"ಮರೆಯೋದು ಮುದುಕರು. ನಾನು ಹಾಕ್ಕೊಂಡಿಲ್ಲ."

ಕಟ್ಟೆಯೇ ಘೊಳ್ಳೆಂದು ನಕ್ಕಿತು. ಸ್ಕಿಯಾನೊ ಇಂಗು ತಿಂದ ಮಂಗನಂತಾದರು, ಆಮೇಲೆ ಅವರೂ ನಕ್ಕರು, ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಟೋಪಿ ಎತ್ತಿಕೊಂಡು ಜಾಗ ಮಾಡಿಕೊಟ್ಟರು. ಎರ್ಮೀನಿಯೊ ಹಿಂದಿನ ಸಾಲಿನಲ್ಲಿ ಲಿಬೆರಾಳ ಪಕ್ಕ ಹೋಗಿ ನಿಂತ. ಅವಳು ಅವನ ಕಿರುಬೆರಳು ಹಿಡಿದುಕೊಂಡಳು. ಭಾಷಣಗಳು ನಡೆದವು. ಅವನಿಗೆ ಒಂದೂ ಕೇಳಿಸಲಿಲ್ಲ.

ಆ ವಾರ ಸ್ಕಿಯಾನೊ ಕ್ಷೌರಕ್ಕೆಂದು ಅಂಗಡಿಗೆ ಬಂದರು. ಕತ್ತು ಬಗ್ಗಿಸಿದವರು ಮೆಲ್ಲಗೆ, "ಆ ಶೂ ಹೊಲಿಯೋನು ನೇಪಲ್ಸ್‌ನಲ್ಲಿ ಎಲ್ಲಿದಾನೆ?" ಎಂದು ಕೇಳಿದರು. ಅವರ ಹಿಂದೆ ಇನ್ನೊಬ್ಬರು ಬಂದರು. ಆ ಬೇಸಿಗೆ ಮುಗಿಯುವಷ್ಟರಲ್ಲಿ ಸಂಜೆ ಹೊತ್ತು ಕಟ್ಟೆಯ ಬೆಂಚಿನ ಮೇಲೆ ನಿವೃತ್ತ ಕ್ಯಾಪ್ಟನ್ನರು ಸಾಲಾಗಿ ಕೂತು ಊದಿದ ಪಾದಗಳನ್ನು ಗಾಳಿಗೆ ಚಾಚಿ ಹಡಗುಗಳನ್ನು ಬೈಯುತ್ತಿದ್ದರು. ಅಂಬ್ರೊಸೀನೊ ಮುಂದಿನ ವರ್ಷ ಯಾರನ್ನೂ ಕೇಳದೆ ಎರಡನೆಯ ಜೊತೆ ತರಿಸಿಕೊಂಡರು, ಜೇನಿನ ಬಣ್ಣದ್ದು.

"ಆ ಬಣ್ಣ ನೀಲಿ ಕೋಟಿಗೆ ಸ್ವಲ್ಪ ಜಾಸ್ತಿ ಆಗತ್ತಲ್ವಾ, ಮಾವ?" ಎಂದ ಎರ್ಮೀನಿಯೊ.

"ನಿನಗೇನು ಗೊತ್ತು? ಹಡಗು ಹತ್ತಿದವನಾ ನೀನು?"

ಮೂರು ಬೇಸಿಗೆ ಅವರು ಹಾಗೆ ನಡೆದಾಡಿದರು. ನಾಲ್ಕನೆಯದು ಬರುವ ಮೊದಲು, ಬಿರುಗಾಳಿಯಿಂದ ದೋಣಿ ನಿಂತಿದ್ದ ಒಂದು ಮಧ್ಯಾಹ್ನ, ಊಟವಾದ ಮೇಲೆ ಕುರ್ಚಿಯಲ್ಲೇ ಕಣ್ಣು ಮುಚ್ಚಿದರು. ಎರ್ಮೀನಿಯೊ ಅವರಿಗೆ ಕೊನೆಯ ಕ್ಷೌರ ಮಾಡಿದ. ಕತ್ತಿ ತೊಳೆದು ಇಟ್ಟ ಮೇಲೆ ಬಾಲ್ಕನಿಗೆ ಹೋಗಿ ಬಹಳ ಹೊತ್ತು ಒಬ್ಬನೇ ನಿಂತಿದ್ದ.

ಈಗ ಎರ್ಮೀನಿಯೊಗೆ ಎಂಬತ್ತು ದಾಟಿದೆ. ಅಂಗಡಿಯನ್ನು ತಮ್ಮನ ಮಗಳು ಮಿರೆಲ್ಲಾ ನಡೆಸುತ್ತಾಳೆ. ಅವಳ ಕೈ ತನ್ನ ಕೈಗಿಂತ ಹಗುರ ಎಂದು ಅವನೇ ಎಲ್ಲರಿಗೂ ಹೇಳುತ್ತಾನೆ. ಬೇಸಿಗೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಷರ್ಟಿನಲ್ಲಿ ಮೆಟ್ಟಿಲಿಳಿದು ಬಂದು ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂರುತ್ತಾನೆ. ಮೊನ್ನೆ ದೋಣಿಯಿಂದಿಳಿದ ಮೀನಿನ ವ್ಯಾಪಾರಿ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಕೇಳಿದಳು:

"ದೊನ್ ಎರ್ಮೀ, ನಿಮ್ಮ ಕಾಲಿಗೆ ವಯಸ್ಸೇ ಆಗಲ್ವಲ್ಲಾ, ಏನು ಗುಟ್ಟು?"

"ಆಗಿದೆ ಕಣಮ್ಮ. ನಾನಿನ್ನೂ ಅದಕ್ಕೆ ಹೇಳಿಲ್ಲ."

ಬೆಳಚು ಬೆಂದಿದೆಯೆಂದು ಲಿಬೆರಾ ಮನೆಯಿಂದ ಫೋನ್ ಮಾಡಿದ್ದಾಳೆಂದು ಮಿರೆಲ್ಲಾ ಒಳಗಿನಿಂದ ಕೂಗಿದಳು. ಅವನು ಎದ್ದು, ಪ್ಯಾಂಟಿನ ಅಂಚು ಕೊಡವಿಕೊಂಡು, ಅವಸರವಿಲ್ಲದೆ ಮನೆಯ ದಾರಿ ಹಿಡಿದ.